ಕೆದರಿದ ತಲೆ

ಮೊನ್ನೆ ಮಾರತ್ತಹಳ್ಳಿಯ ಸಲೂನಿನಲ್ಲಿ ತರುಣನೊಬ್ಬ ವ್ಯಾಕ್ಸ್ ಸವರಿಸಿಕೊಂಡು, ನೆಟ್ಟಗಿದ್ದ ಕೂದಲನ್ನು ಬೇಕೆಂದೇ ಕೆದರಿಸಿಕೊಳ್ಳುತ್ತಿದ್ದ.

ನಮ್ಮ ಬಾಲ್ಯದಲ್ಲಿ ಎಣ್ಣೆ ಹಚ್ಚಿ ಬೈತಲೆ ತೆಗೆದು ಬಾಚಿದ ತಲೆಯೇ ಶಿಸ್ತಿನ ಗುರುತು. ಅನುಕೂಲಸ್ಥರ ಮನೆಗಳಲ್ಲಿ, 1928ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬ್ರಿಲ್‌ಕ್ರೀಮ್ ಇರುತ್ತಿತ್ತು. 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ಬೆಳ್ಳಿತೆರೆಗೆ ಬಂದ ಶಂಕರ್ ನಾಗ್, 1980ರ 'ಆಟೋ ರಾಜ'ದ ಹೊತ್ತಿಗೆ ಹುಡುಗರ ಆರಾಧ್ಯರಾದರು. ಎಣ್ಣೆ ಕಾಣದ ಕೂದಲಿಗೂ ಅಂದವಿದೆಯೆಂದು ಹುಡುಗರು ನಂಬಿದರು. ಶಿಕ್ಷಕರಾದ ನಾವು ಅದನ್ನು ಉಡಾಫೆಯೆಂದೆವು.

1985ರ ಸುಮಾರಿಗೆ, ತಲೆ ಕೆದರಿಕೊಂಡು ಬಂದ ವಿದ್ಯಾರ್ಥಿಯೊಬ್ಬನನ್ನು "ಶಂಕರ್ ನಾಗ್ ಆಗಿದ್ದೀಯೇನೋ?" ಎಂದು ಗದರಿ ತರಗತಿಯ ಹೊರಗೆ ನಿಲ್ಲಿಸಿದೆ. "ಮನೇಲಿ ಎಣ್ಣೆ ಇಲ್ಲ ಸಾರ್" ಎಂದ.

ಇಂದು ಹಣ ತೆತ್ತು ತಲೆ ಕೆದರಿಸಿಕೊಳ್ಳುವವರನ್ನು ಕಂಡಾಗಲೆಲ್ಲ ಆ ಹುಡುಗ ನೆನಪಾಗುತ್ತಾನೆ. ಅವನಲ್ಲಿ ಕ್ಷಮೆ ಕೇಳುವುದು ಇನ್ನೂ ಬಾಕಿಯಿದೆ.