ಸಿಂದಗಿ ಸೀಮೆಯ ಬರ, ನೆರೆ ಮತ್ತು ಹವಾಮಾನ ಉಪಗ್ರಹ

1975ರ ಆಗಸ್ಟ್ 1ರಂದು, ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪ್ರಸಾರ ಆರಂಭವಾಯಿತು. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ತಂತಿಬಲೆಯ ಹತ್ತಡಿ ಆಂಟೆನಾ, ಊರಿಗೆಲ್ಲ ಒಂದೇ ಟಿ.ವಿ. ಪೆಟ್ಟಿಗೆ, ಅದರ ಮುಂದೆ ಕೂತವರ ಮನಸ್ಸಿನಲ್ಲಿ 1972ರ ಬರ ಇನ್ನೂ ಹಸಿಯಾಗಿತ್ತು. ಒಂದು ವರ್ಷ ನಡೆದ ಈ ಪ್ರಸಾರವನ್ನು ಶಿಕ್ಷಣದ ಪ್ರಯೋಗವೆಂದು ಓದುವುದು ರೂಢಿ. ವಿಪತ್ತು ನಿರ್ವಹಣೆಯ ಚರಿತ್ರೆಯಲ್ಲೂ ಇದಕ್ಕೆ ಜಾಗವಿದೆ ಎಂಬುದು ನನ್ನ ವಾದ. ಆಕಾಶದಿಂದ ಬಂದ ಮಾತು ಹಳ್ಳಿಯ ಕಟ್ಟೆಗೆ ಕನ್ನಡದಲ್ಲಿ ನೇರವಾಗಿ ಮುಟ್ಟಿದ್ದು ಆಗಲೇ. ಮುಂದೆ ಮೋಡ ನೋಡುವ ಕಣ್ಣು ಹರಿತವಾಗುತ್ತ ಹೋಯಿತು. ಕಟ್ಟೆ ಮುಟ್ಟುವ ದಾರಿ ಮಾತ್ರ ಅಷ್ಟು ಸಲೀಸಾಗಲಿಲ್ಲ.

ಜಗತ್ತಿನಲ್ಲಿ ಹವಾಮಾನ ಉಪಗ್ರಹದ ಯುಗ 1960ರ ಏಪ್ರಿಲ್ 1ರಂದು ಅಮೆರಿಕದ ಟೈರೋಸ್-1ರೊಂದಿಗೆ ಶುರುವಾಯಿತು. ನಮ್ಮದೇ ಕಣ್ಣು ಗಟ್ಟಿಯಾಗಿ ನಿಂತದ್ದು 1983ರಲ್ಲಿ ಹಾರಿದ ಇನ್ಸಾಟ್-1ಬಿ ಮೂಲಕ. ದೂರವಾಣಿ, ಟಿ.ವಿ., ಹವಾಮಾನದ ಕ್ಯಾಮೆರಾ ಮೂರನ್ನೂ ಹೊತ್ತಿದ್ದ ಅದರ ಲಗಾಮು ಹಾಸನದ ನಿಯಂತ್ರಣ ಕೇಂದ್ರದ ಕೈಯಲ್ಲಿತ್ತು. 2002ರ ಕಲ್ಪನಾ-1, 2013ರ ಇನ್ಸಾಟ್-3ಡಿ, 2016ರ 3ಡಿಆರ್, 2024ರ 3ಡಿಎಸ್ ಅದೇ ಸಾಲಿನವು. ಸುಮಾರು 36,000 ಕಿ.ಮೀ. ಎತ್ತರದಿಂದ ಇಂಥ ಉಪಗ್ರಹಗಳು ಮೋಡದ ತಲೆಯ ತಂಪನ್ನು ಅಳೆಯುತ್ತವೆ. ತಲೆ ಹೆಚ್ಚು ತಂಪಾಗಿದ್ದಷ್ಟೂ ಮೋಡ ಎತ್ತರಕ್ಕೆ ಬೆಳೆದಿದೆ, ಜೋರು ಮಳೆಯ ಸಂಭವ ಹೆಚ್ಚು ಎಂದು ಲೆಕ್ಕ. 1980ರ ದಶಕದಲ್ಲೇ ಚಂಡಮಾರುತದ ಎಚ್ಚರಿಕೆಯನ್ನು ಇನ್ಸಾಟ್ ಮೂಲಕ ಕರಾವಳಿಯ ಊರುಗಳಿಗೆ ಮುಟ್ಟಿಸುವ ಏರ್ಪಾಡು ಬಂತು. ಅದನ್ನು ಕಟ್ಟಿದ್ದು ಸಮುದ್ರದಂಚಿನ ಊರುಗಳಿಗಾಗಿ, ಸಿಂದಗಿ ಸೀಮೆಯ ಭೀಮಾ ದಂಡೆಗಾಗಿ ಅಲ್ಲ.

ಬಿಜಾಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಹಳೆಯ ಶತ್ರು ಬರ. 1876–78ರ ಕ್ಷಾಮ ಈ ಸೀಮೆಯನ್ನು ಹಿಂಡಿ ಹಾಕಿತು. ಸಹ್ಯಾದ್ರಿಯ ಮಳೆ ನೆರಳಿನ ಈ ಎರಿ ಭೂಮಿಯಲ್ಲಿ ಮಳೆ ವರ್ಷಕ್ಕೆ ಎಷ್ಟಾಯಿತು ಎನ್ನುವುದಕ್ಕಿಂತ ಯಾವಾಗ ಬಿತ್ತು ಎನ್ನುವುದೇ ದೊಡ್ಡದು. ಉತ್ತರಿ, ಹಸ್ತ ಮಳೆ ನೆಲ ನೆನೆಸಿದರೆ ಹಿಂಗಾರಿ ಬಿಳಿಜೋಳ ಆ ಹಸಿಯ ಮೇಲೆಯೇ ತೆನೆ ತುಂಬುತ್ತದೆ. 1987ರ ಬರದ ಬಳಿಕ, 1989ರಲ್ಲಿ ರಾಷ್ಟ್ರೀಯ ಕೃಷಿ ಬರ ಅಂದಾಜು ವ್ಯವಸ್ಥೆ ಆರಂಭವಾಯಿತು. ಅದರ ಆಧಾರ ಉಪಗ್ರಹ ಅಳೆಯುವ ಸಸ್ಯ ಸೂಚ್ಯಂಕ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿ, ಕಣ್ಣಿಗೆ ಕಾಣದ ಅವಕೆಂಪನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಬಾಡಿದ ಎಲೆಗೆ ಆ ಕಸುವಿಲ್ಲ. 2023ರ ಸೆಪ್ಟೆಂಬರಿನಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 195ನ್ನು ಬರಪೀಡಿತವೆಂದು ಸಾರುವಾಗ ಇಂಥ ಸೂಚ್ಯಂಕಗಳೂ ಕಡತದಲ್ಲಿದ್ದವು.

ಈ ವಿಧಾನಕ್ಕೆ ಎರಡು ಮಿತಿಗಳಿವೆ. ಬೆಳೆ ಬಾಡಿದ ಮೇಲಷ್ಟೇ ಸೂಚ್ಯಂಕ ಇಳಿಯುತ್ತದೆ. ಹೊಳೆದಂಡೆಯ ಕಬ್ಬು, ಇಂಡಿಯ ನಿಂಬೆ ತೋಟ ಹಸಿರಾಗಿದ್ದರೆ ತಾಲ್ಲೂಕಿನ ಸರಾಸರಿಯಲ್ಲಿ ಒಣಬೇಸಾಯದವನ ತೊಗರಿ ಮರೆಯಾಗಬಹುದು. ಅದಕ್ಕೇ ಹೊಲಕ್ಕಿಳಿದು ನೋಡುವ ಸಮೀಕ್ಷೆಗೆ ಬೇರೆ ಬದಲಿಯಿಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ, ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ. ಹಿಂದೆ ಮುಂಜಾನೆ ಎಂಟೂವರೆಗೆ ಅಳತೆ ಗಾಜು ಹಿಡಿದು ಮಳೆ ಬರೆದುಕೊಳ್ಳುತ್ತಿದ್ದರು. ಈಗ ಗ್ರಾಮ ಪಂಚಾಯಿತಿ ಮಟ್ಟದ ಮಾಪಕ ಪುಟ್ಟ ಸೌರಫಲಕದ ಬಲದಿಂದ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತದೆ. ಉಪಗ್ರಹದ ಅಂದಾಜನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಕಲ್ಲಿಲ್ಲ.

ನೆರೆಯ ಕಥೆ ಬೇರೆ. 2009ರಲ್ಲಿ ದೇಶದ ಮುಂಗಾರು ಶೇ 22ರಷ್ಟು ಕೊರತೆಯಾಗಿ, 1972ರ ನಂತರದ ಅತಿ ಕೆಟ್ಟ ಮುಂಗಾರೆನಿಸಿತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯಲ್ಲಿ, ಉತ್ತರ ಕರ್ನಾಟಕ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬಂಗಾಳ ಕೊಲ್ಲಿಯಿಂದ ಬಂದ ಮೋಡದ ರಾಶಿ ಉಪಗ್ರಹ ಚಿತ್ರದಲ್ಲಿ ಕಾಣುತ್ತದೆ. ದಿನಗಟ್ಟಲೆ ನೆನೆದು ಭಾರವಾದ ಮಣ್ಣಿನ ಮಾಳಿಗೆ ಕಾಣುವುದಿಲ್ಲ. ಮನೆ ಬಿದ್ದದ್ದು ಮಾಳಿಗೆಯ ಭಾರಕ್ಕೆ. ಅತ್ತ ಹೂಳು ತುಂಬಿದ ಡೋಣಿ ಹೊಳೆ ದಂಡೆ ಮೀರಿ ಹೊಲಗಳಿಗೆ ನುಗ್ಗಿತು.

2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಹಾಯ್ದ ವಾಯುಭಾರ ಕುಸಿತ ತೆಲಂಗಾಣ, ಕಲಬುರಗಿ, ಸೊಲ್ಲಾಪುರದ ಮೇಲೆ ಸಾಗಿತು. ಉಪಗ್ರಹ ಅದನ್ನು ಹೆಜ್ಜೆ ಹೆಜ್ಜೆಗೂ ಹಿಂಬಾಲಿಸಿತ್ತು. ಸಿಂದಗಿ, ಇಂಡಿಯ ಹೊಳೆಸಾಲಿಗೆ ಪ್ರವಾಹ ಬಂದದ್ದು ಮಾತ್ರ ಮೇಲಿನಿಂದ: ಭೀಮಾ ಹೊಳೆಗೆ ಕಟ್ಟಿದ ಉಜನಿ ಜಲಾಶಯದಿಂದ ಎರಡು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಲಾಯಿತು. ಭೀಮಾಶಂಕರದಲ್ಲಿ ಹುಟ್ಟುವ ಹೊಳೆಗೆ ಸಿಂದಗಿಯ ಮೇಲಿನ ಮೋಡವನ್ನಷ್ಟೇ ನೋಡಿದರೆ ಸಾಲದು. ಮಹಾಪೂರ ಬಂದ ಮೇಲೆ ಮೋಡ ತೂರಿ ನೋಡುವ ರಾಡಾರ್ ಉಪಗ್ರಹಗಳು ನೆರವಿಗೆ ಬರುತ್ತವೆ; ನಿಂತ ನೀರು ಅಲೆಯನ್ನು ಆಚೆಗೆ ಜಾರಿಸುವುದರಿಂದ ಅವುಗಳ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಅದರಿಂದ ಮುಳುಗಡೆ ನಕ್ಷೆ ತಯಾರಿಸುತ್ತದೆ.

ಈ ನಕ್ಷೆಗಳು ಕಚೇರಿಯ ಗಣಕದಲ್ಲೇ ಉಳಿಯಬಾರದು. ಉಜನಿಯಿಂದ ಎಷ್ಟು ಕ್ಯೂಸೆಕ್ ಬಿಟ್ಟರೆ ಎಷ್ಟು ತಾಸಿಗೆ ಯಾವ ಓಣಿಗೆ ನೀರು ಬರುತ್ತದೆ ಎಂಬುದನ್ನು ಭೀಮಾ ದಂಡೆಯ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ, ಊರಿನವರ ಗುರುತಿನಲ್ಲೇ, ಕನ್ನಡದಲ್ಲಿ ಬರೆಸಬೇಕು. ಜಿಲ್ಲಾಡಳಿತ ಮುಂದಿನ ಹಸ್ತ ಮಳೆಗೆ ಮುಂಚೆ ಈ ಕೆಲಸ ಮುಗಿಸಲಿ.