ಪ್ರಮಾಣಿತ ಪ್ರೈಮ್ ಮಸೂರ

ಪ್ರಮಾಣಿತ ಪ್ರೈಮ್ ಮಸೂರವು ಬದಲಾಗದ ಒಂದೇ ಸಂಗಮದೂರವುಳ್ಳ ಛಾಯಾಗ್ರಹಣ ಮಸೂರ. ಇದರ ಸಂಗಮದೂರವು ಕ್ಯಾಮೆರಾದ ಫಿಲ್ಮ್ ಅಥವಾ ಸಂವೇದಕದ ಕರ್ಣದ ಉದ್ದಕ್ಕೆ ಸಮೀಪವಾಗಿರುತ್ತದೆ. ಇದನ್ನು ಸ್ಟ್ಯಾಂಡರ್ಡ್ ಲೆನ್ಸ್ ಅಥವಾ ನಾರ್ಮಲ್ ಲೆನ್ಸ್ ಎಂದೂ ಕರೆಯಲಾಗುತ್ತದೆ. 35 ಮಿ.ಮೀ. ಫಿಲ್ಮ್ ಕ್ಯಾಮೆರಾಗಳಲ್ಲಿ 50 ಮಿ.ಮೀ. ಮಸೂರವು ಈ ವರ್ಗದ ಪ್ರಸಿದ್ಧ ಉದಾಹರಣೆ. ಗರಿಷ್ಠ ದ್ಯುತಿರಂಧ್ರವು ಎಫ್/2 ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ ಅಂಥ ಮಸೂರವನ್ನು ಸಾಮಾನ್ಯವಾಗಿ ‘ವೇಗದ ಮಸೂರ’ ಎನ್ನುತ್ತಾರೆ. ಇಲ್ಲಿ ವೇಗ ಎಂಬುದು ಮಸೂರದ ಚಲನೆಗೆ ಸಂಬಂಧಿಸಿದ್ದಲ್ಲ. ಹೆಚ್ಚು ಬೆಳಕು ಒಳಬರುವುದರಿಂದ ಶಟರ್ ಅನ್ನು ಹೆಚ್ಚು ವೇಗವಾಗಿ ತೆರೆದು ಮುಚ್ಚಲು ಸಾಧ್ಯವಾಗುತ್ತದೆ ಎಂಬುದೇ ಈ ಹೆಸರಿಗೆ ಕಾರಣ.

ಕ್ಯಾಮೆರಾದೊಂದಿಗೆ ಬರುವ ಝೂಮ್ ಮಸೂರದ ನಂತರ ಕೊಳ್ಳುವ ಎರಡನೆಯ ಮಸೂರವಾಗಿ ಇದು ಜನಪ್ರಿಯವಾಗಿದೆ. ಆದರೆ ಎಲ್ಲ ಕ್ಯಾಮೆರಾಗಳಲ್ಲೂ 50 ಮಿ.ಮೀ. ಮಸೂರವು ಪ್ರಮಾಣಿತ ಮಸೂರವಾಗಿ ವರ್ತಿಸುವುದಿಲ್ಲ. ಸಂವೇದಕದ ಗಾತ್ರವನ್ನು ಗಮನಿಸದೆ ಮಾಡಿದ ಆಯ್ಕೆಯು ಉದ್ದೇಶಿತ ಬಳಕೆಗೆ ಒದಗದೆ ಹೋಗಬಹುದು.

ದ್ಯುತಿರಂಧ್ರ ಮತ್ತು ಬೆಳಕು

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಸಣ್ಣ ರಂಧ್ರವೊಂದರ ಮೂಲಕ ಹಾದುಬರುವ ಬೆಳಕು ರಾಜಗೋಪುರದ ತಲೆಕೆಳಗಾದ ಬಿಂಬವನ್ನು ಒಳಗಿನ ಗೋಡೆಯ ಮೇಲೆ ಮೂಡಿಸುತ್ತದೆ. ಮಸೂರವಿಲ್ಲದ ಕ್ಯಾಮೆರಾದ ತತ್ತ್ವವೇ ಇದು. ಸುತ್ತಲೂ ಕತ್ತಲೆಯಿರುವುದರಿಂದ ಮಾತ್ರ ಆ ಮಂದ ಬಿಂಬವು ಕಣ್ಣಿಗೆ ಕಾಣುತ್ತದೆ. ರಂಧ್ರವನ್ನು ದೊಡ್ಡದು ಮಾಡಿದರೆ ಬಿಂಬವು ಪ್ರಕಾಶಮಾನವಾಗುತ್ತದೆ, ಆದರೆ ಅಷ್ಟೇ ಮಸುಕಾಗುತ್ತದೆ. ಬೆಳಕಿನ ಕಿರಣಗಳನ್ನು ಬಾಗಿಸಿ ಒಂದೆಡೆ ಕೂಡಿಸುವ ಮೂಲಕ ಮಸೂರವು ದೊಡ್ಡ ರಂಧ್ರದಿಂದಲೂ ಸ್ಪಷ್ಟ ಬಿಂಬವನ್ನು ಕೊಡುತ್ತದೆ. ವೇಗದ ಮಸೂರಗಳು ಈ ಸಾಧ್ಯತೆಯ ಅಂಚಿನಲ್ಲಿ ಕೆಲಸ ಮಾಡುತ್ತವೆ.

ಎಫ್-ಸಂಖ್ಯೆಯು ಸಂಗಮದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ. 50 ಮಿ.ಮೀ. ಮಸೂರದಲ್ಲಿ ಎಫ್/1.8 ಎಂದರೆ ಸುಮಾರು 28 ಮಿ.ಮೀ. ವ್ಯಾಸ, ಎಫ್/5.6 ಎಂದರೆ ಸುಮಾರು 9 ಮಿ.ಮೀ. ವ್ಯಾಸ. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದಾಗಿರುತ್ತದೆ. ಬೆಳಕಿನ ಪ್ರಮಾಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬದಲಾಗುವುದರಿಂದ ಎಫ್/1.8ರಲ್ಲಿ ಎಫ್/5.6ಕ್ಕಿಂತ ಸುಮಾರು ಒಂಬತ್ತೂವರೆ ಪಟ್ಟು ಹೆಚ್ಚು ಬೆಳಕು ಸಂವೇದಕವನ್ನು ತಲುಪುತ್ತದೆ. ಬೆಳಕು ಇಮ್ಮಡಿಯಾಗುವ ಅಥವಾ ಅರ್ಧವಾಗುವ ಪ್ರತಿ ಹಂತವನ್ನು ‘ಸ್ಟಾಪ್’ ಎನ್ನುತ್ತಾರೆ.

ಇತಿಹಾಸ

ಹೆಚ್ಚಿನ ವೇಗದ ಪ್ರಮಾಣಿತ ಮಸೂರಗಳ ರಚನೆಗೆ ‘ಡಬಲ್ ಗಾಸ್’ ವಿನ್ಯಾಸವು ಆಧಾರವಾಗಿದೆ. ಗಣಿತಜ್ಞ ಕಾರ್ಲ್ ಫ್ರೆಡ್ರಿಕ್ ಗಾಸ್ 1817ರಲ್ಲಿ ದೂರದರ್ಶಕಕ್ಕಾಗಿ ಸೂಚಿಸಿದ ಮಸೂರ ಜೋಡಣೆಯಿಂದ ಈ ಹೆಸರು ಬಂದಿದೆ. ಜರ್ಮನಿಯ ಝೈಸ್ ಸಂಸ್ಥೆಯಲ್ಲಿದ್ದ ಪಾಲ್ ರುಡಾಲ್ಫ್ 1896ರಲ್ಲಿ ಈ ಮಾದರಿಯ ‘ಪ್ಲಾನಾರ್’ ಮಸೂರವನ್ನು ರೂಪಿಸಿದರು.

1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾ 50 ಮಿ.ಮೀ. ಎಫ್/3.5 ಮಸೂರವನ್ನು ಹೊಂದಿತ್ತು. 35 ಮಿ.ಮೀ. ಫಿಲ್ಮಿನ 24×36 ಮಿ.ಮೀ. ಚೌಕಟ್ಟಿನ ಕರ್ಣವು ಸುಮಾರು 43 ಮಿ.ಮೀ. ಆಗಿದ್ದರೂ ಅದಕ್ಕಿಂತ ತುಸು ಉದ್ದವಾದ 50 ಮಿ.ಮೀ. ವಾಡಿಕೆಯಲ್ಲಿ ನಿಂತದ್ದು ಲೈಕಾದ ಪ್ರಭಾವದಿಂದ. 1932ರಲ್ಲಿ ಝೈಸ್ ಸಂಸ್ಥೆಯ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ಎಫ್/1.5ರ ‘ಸೊನ್ನಾರ್’ ಮಸೂರವು ಬಂದಿತು. ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸೋ ತಮ್ಮ ಹೆಚ್ಚಿನ ಕೆಲಸವನ್ನು 50 ಮಿ.ಮೀ. ಮಸೂರದಲ್ಲೇ ಮಾಡಿದರು. 1948ರಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನು ಚಿತ್ರಿಸಿದವರಲ್ಲಿ ಅವರೂ ಒಬ್ಬರು.

ಚಲನಚಿತ್ರರಂಗದಲ್ಲಿ ಬೆಳಕಿನ ಕೊರತೆಯನ್ನು ಎರಡು ಬಗೆಯಲ್ಲಿ ನಿವಾರಿಸಿದ ಉದಾಹರಣೆಗಳಿವೆ. ಮೈಸೂರಿನಲ್ಲಿ ಜನಿಸಿದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಅವರು ಗುರುದತ್ ನಿರ್ದೇಶನದ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕನ್ನಡಿಗಳ ಮೂಲಕ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಕ್ಕೆ ಹಾಯಿಸಿ ಪ್ರಸಿದ್ಧ ಬೆಳಕಿನ ಕೋಲನ್ನು ಸೃಷ್ಟಿಸಿದರು. ಸ್ಟಾನ್ಲಿ ಕುಬ್ರಿಕ್ ‘ಬ್ಯಾರಿ ಲಿಂಡನ್’ (1975) ಚಿತ್ರದ ಮೇಣದಬತ್ತಿಯ ದೃಶ್ಯಗಳಿಗೆ ಮೂಲತಃ ನಾಸಾಕ್ಕಾಗಿ ತಯಾರಾಗಿದ್ದ 50 ಮಿ.ಮೀ. ಎಫ್/0.7 ಝೈಸ್ ಮಸೂರವನ್ನು ಬಳಸಿದರು. ಮೊದಲನೆಯದು ಬೆಳಕನ್ನು ತಂದ ಕ್ರಮ. ಎರಡನೆಯದು ಇರುವ ಬೆಳಕಿಗೆ ಮಸೂರವನ್ನು ಹೊಂದಿಸಿದ ಕ್ರಮ.

ಸಂವೇದಕದ ಗಾತ್ರ ಮತ್ತು ‘ಪ್ರಮಾಣಿತ’ ಸಂಗಮದೂರ

ಒಂದೇ ಮಸೂರವು ಚಿಕ್ಕ ಸಂವೇದಕದ ಮೇಲೆ ದೃಶ್ಯದ ಕಡಿಮೆ ಭಾಗವನ್ನು ಮಾತ್ರ ದಾಖಲಿಸುತ್ತದೆ. ಆದ್ದರಿಂದ ಪ್ರಮಾಣಿತ ಸಂಗಮದೂರವು ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬದಲಾಗುತ್ತದೆ.

• ಫುಲ್‌ಫ್ರೇಮ್ (24×36 ಮಿ.ಮೀ.): ಕರ್ಣ ಸುಮಾರು 43 ಮಿ.ಮೀ.; ಪ್ರಮಾಣಿತ ಮಸೂರ 40ರಿಂದ 50 ಮಿ.ಮೀ.
• ಎಪಿಎಸ್-ಸಿ: ಕರ್ಣ ಸುಮಾರು 27ರಿಂದ 28 ಮಿ.ಮೀ.; ಪ್ರಮಾಣಿತ ಮಸೂರ 28ರಿಂದ 35 ಮಿ.ಮೀ.
• ಮೈಕ್ರೋ ಫೋರ್ ಥರ್ಡ್ಸ್: ಕರ್ಣ ಸುಮಾರು 22 ಮಿ.ಮೀ.; ಪ್ರಮಾಣಿತ ಮಸೂರ 20ರಿಂದ 25 ಮಿ.ಮೀ.

ಆರಂಭಿಕರು ಬಳಸುವ ಬಹುತೇಕ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಎಪಿಎಸ್-ಸಿ ಸಂವೇದಕವಿರುತ್ತದೆ. ಅವುಗಳಲ್ಲಿ 50 ಮಿ.ಮೀ. ಮಸೂರವು ಫುಲ್‌ಫ್ರೇಮಿನ 75 ಅಥವಾ 80 ಮಿ.ಮೀ. ಮಸೂರದಷ್ಟು ಕಿರಿದಾದ ನೋಟವನ್ನು ಕೊಡುತ್ತದೆ. ಮೂರು ಮೀಟರ್ ದೂರದಲ್ಲಿ 50 ಮಿ.ಮೀ. ಮಸೂರವು ಫುಲ್‌ಫ್ರೇಮಿನಲ್ಲಿ ಸುಮಾರು 2.2 ಮೀಟರ್ ಅಗಲದ ದೃಶ್ಯವನ್ನು ಹಿಡಿದರೆ ಎಪಿಎಸ್-ಸಿಯಲ್ಲಿ ಸುಮಾರು 1.4 ಮೀಟರ್ ಮಾತ್ರ ಹಿಡಿಯುತ್ತದೆ. ಅಲ್ಲಿ 35 ಮಿ.ಮೀ. ಮಸೂರವನ್ನು ಬಳಸಿದರೆ ಅಗಲವು ಮತ್ತೆ ಸುಮಾರು 2 ಮೀಟರ್ ಆಗುತ್ತದೆ. ಸಣ್ಣ ಕೋಣೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಇಡೀ ಕುಟುಂಬವು ಚಿತ್ರದಲ್ಲಿ ಅಡಕವಾಗದಿರಲು ಈ ವ್ಯತ್ಯಾಸವೇ ಕಾರಣ. ಒಬ್ಬರ ಮುಖದ ಭಾವಚಿತ್ರಕ್ಕಾದರೆ ಎಪಿಎಸ್-ಸಿಯಲ್ಲಿ 50 ಮಿ.ಮೀ. ಮಸೂರವು ಅನುಕೂಲಕರ.

ಆಯ್ಕೆಯಲ್ಲಿ ಪರಿಗಣಿಸುವ ಅಂಶಗಳು

ಗರಿಷ್ಠ ದ್ಯುತಿರಂಧ್ರ

ಪ್ರಮಾಣಿತ ಮಸೂರಗಳು ಸಾಮಾನ್ಯವಾಗಿ ಎಫ್/1.8, ಎಫ್/1.4 ಮತ್ತು ಎಫ್/1.2 ಎಂಬ ಮೂರು ದರ್ಜೆಗಳಲ್ಲಿ ದೊರೆಯುತ್ತವೆ. ಎಫ್/1.4 ಮಸೂರವು ಎಫ್/1.8ಕ್ಕಿಂತ ಸುಮಾರು 1.65 ಪಟ್ಟು ಬೆಳಕನ್ನು ಕೊಡುತ್ತದೆ. ಇದು ಒಂದು ಸ್ಟಾಪ್‌ಗಿಂತಲೂ ಕಡಿಮೆ. ಐಎಸ್‌ಒ 3200 ಬೇಕಾಗಿದ್ದಲ್ಲಿ ಸುಮಾರು 2000 ಸಾಕಾಗುತ್ತದೆ. ಝೂಮ್ ಮಸೂರದಿಂದ ಎಫ್/1.8ಕ್ಕೆ ಬರುವಾಗ ಸಿಗುವ ಲಾಭವು ಅದರಿಂದ ಮುಂದಿನ ದರ್ಜೆಗೆ ಹೋದಾಗ ಸಿಗುವುದಕ್ಕಿಂತ ಬಹಳ ದೊಡ್ಡದು. ತೂಕ ಮತ್ತು ಬೆಲೆಗಳು ಮಾತ್ರ ಬೆಳಕಿನ ಲಾಭಕ್ಕಿಂತ ವೇಗವಾಗಿ ಏರುತ್ತವೆ. ಕ್ಯಾನನ್ ಸಂಸ್ಥೆಯ ಆರ್‌ಎಫ್ ಶ್ರೇಣಿಯಲ್ಲಿ 50 ಮಿ.ಮೀ. ಎಫ್/1.8 ಮಸೂರದ ತೂಕ 160 ಗ್ರಾಂ, ಎಫ್/1.2 ಮಸೂರದ ತೂಕ 950 ಗ್ರಾಂ. ಬೆಳಕು ಎರಡೂಕಾಲು ಪಟ್ಟು ಹೆಚ್ಚಿದರೆ ತೂಕವು ಸುಮಾರು ಆರು ಪಟ್ಟು ಹೆಚ್ಚುತ್ತದೆ.

ಸ್ಪಷ್ಟತೆಯ ಆಳ

ದ್ಯುತಿರಂಧ್ರ ದೊಡ್ಡದಾದಂತೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ವಲಯವು ತೆಳುವಾಗುತ್ತದೆ. ಫುಲ್‌ಫ್ರೇಮಿನಲ್ಲಿ 50 ಮಿ.ಮೀ. ಮಸೂರದಿಂದ ಎರಡು ಮೀಟರ್ ದೂರದ ವಸ್ತುವನ್ನು ಚಿತ್ರಿಸಿದಾಗ ಎಫ್/5.6ರಲ್ಲಿ ಸುಮಾರು ಅರ್ಧ ಮೀಟರ್, ಎಫ್/1.8ರಲ್ಲಿ ಸುಮಾರು 17 ಸೆಂ.ಮೀ. ಮತ್ತು ಎಫ್/1.4ರಲ್ಲಿ ಸುಮಾರು 13 ಸೆಂ.ಮೀ. ಆಳವು ಸ್ಪಷ್ಟವಾಗಿರುತ್ತದೆ. ಒಂದು ಮೀಟರ್ ಸಮೀಪಕ್ಕೆ ಬಂದರೆ ಎಫ್/1.8ರಲ್ಲಿ ಈ ಆಳವು 4 ಸೆಂ.ಮೀ.ಗೆ ಇಳಿಯುತ್ತದೆ. ಹಿನ್ನೆಲೆಯನ್ನು ಮಸುಕಾಗಿಸಲು ಇದು ಸಹಾಯಕ. ಆದರೆ ಎರಡು ಸಾಲುಗಳಲ್ಲಿ ನಿಂತ ಗುಂಪಿನ ಚಿತ್ರದಲ್ಲಿ ಹಿಂದಿನ ಸಾಲಿನ ಮುಖಗಳು ಮಸುಕಾಗುವುದೂ ಇದರಿಂದಲೇ.

ಮೌಂಟ್ ಮತ್ತು ಸ್ವಯಂ ಫೋಕಸ್

ಮಸೂರವು ಕ್ಯಾಮೆರಾದ ಮೌಂಟ್‌ಗೆ ಹೊಂದುವುದರ ಜೊತೆಗೆ ಅದರ ಫೋಕಸ್ ವ್ಯವಸ್ಥೆಗೂ ಹೊಂದಬೇಕಾಗುತ್ತದೆ. ನಿಕಾನ್‌ನ ಎಎಫ್ 50 ಮಿ.ಮೀ. ಎಫ್/1.8ಡಿ ಮಸೂರದೊಳಗೆ ಫೋಕಸ್ ಮೋಟಾರ್ ಇಲ್ಲ. ಡಿ3000 ಮತ್ತು ಡಿ5000 ಶ್ರೇಣಿಗಳ ಕ್ಯಾಮೆರಾಗಳಲ್ಲೂ ಮೋಟಾರ್ ಇಲ್ಲದಿರುವುದರಿಂದ ಇವೆರಡನ್ನು ಜೋಡಿಸಿದಾಗ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ. 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ಮತ್ತು 2011ರಲ್ಲಿ ಬಂದ ಎಎಫ್-ಎಸ್ 50 ಮಿ.ಮೀ. ಎಫ್/1.8ಜಿ ಮಸೂರಗಳಲ್ಲಿ ಮೋಟಾರ್ ಅಳವಡಿಸಲಾಗಿದೆ.

ಬಳಸಿದ ಮಸೂರಗಳು

ಬಳಸಿದ ಮಸೂರಗಳನ್ನು ಕೊಳ್ಳುವಾಗ ಟಾರ್ಚ್ ಬೆಳಕನ್ನು ಹಾಯಿಸಿ ಒಳಭಾಗವನ್ನು ಪರೀಕ್ಷಿಸುವುದು ವಾಡಿಕೆ. ಜೇಡರ ಬಲೆಯಂತೆ ಹರಡಿದ ಎಳೆಗಳು ಶಿಲೀಂಧ್ರದ ಲಕ್ಷಣ. ಇದು ತೇವಾಂಶ ಹೆಚ್ಚಿರುವ ಕರಾವಳಿ ಮತ್ತು ಮಲೆನಾಡಿನಲ್ಲಿ ಹೆಚ್ಚು. ಬಯಲುಸೀಮೆಯಲ್ಲಿ ಧೂಳು ಪ್ರಮುಖ ಸಮಸ್ಯೆ. ದ್ಯುತಿರಂಧ್ರದ ಎಲೆಗಳ ಮೇಲೆ ಎಣ್ಣೆ ಹರಡಿದ್ದರೆ ಅವು ಸಕಾಲಕ್ಕೆ ಮುಚ್ಚಿಕೊಳ್ಳದೆ ಚಿತ್ರಗಳು ಅತಿಯಾಗಿ ಬಿಳಿಚುತ್ತವೆ. ಮುಂಭಾಗದ ಗಾಜಿನ ಮೇಲಿನ ಒಂದೆರಡು ಧೂಳಿನ ಕಣಗಳು ಚಿತ್ರದ ಮೇಲೆ ಗಮನಾರ್ಹ ಪರಿಣಾಮ ಬೀರುವುದಿಲ್ಲ.

ಉಪಯೋಗಗಳು

ಬೆಳಕು ಕಡಿಮೆಯಿದ್ದು, ಚಿತ್ರಿಸಬೇಕಾದ ವ್ಯಕ್ತಿ ಚಲಿಸುತ್ತಿದ್ದು, ಫ್ಲ್ಯಾಶ್ ಬಳಸುವುದು ಸೂಕ್ತವಲ್ಲದ ಸಂದರ್ಭಗಳಲ್ಲಿ ವೇಗದ ಮಸೂರದ ಪ್ರಯೋಜನ ಹೆಚ್ಚು. ರಾಯಚೂರು ಜಿಲ್ಲೆಯ ಬಳಗಾನೂರು, ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಭಾಗದಲ್ಲಿ ಇಂಥ ಸಂದರ್ಭಗಳು ಸಾಕಷ್ಟಿವೆ. ಉತ್ತರ ಕರ್ನಾಟಕದ ಬಯಲಾಟಗಳು ರಾತ್ರಿಯ ವೇಳೆ ನಡೆಯುತ್ತವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಆಚರಣೆಯು ಹಿಂದೂ ಮುಸ್ಲಿಮರಿಬ್ಬರೂ ಪಾಲ್ಗೊಳ್ಳುವ ಹಬ್ಬವಾಗಿ ಪ್ರಸಿದ್ಧವಾಗಿದೆ. ಎಪಿಎಸ್-ಸಿ ಕ್ಯಾಮೆರಾದ ಸಾಮಾನ್ಯ ಝೂಮ್ ಮಸೂರವು 35 ಮಿ.ಮೀ.ನಲ್ಲಿ ಸುಮಾರು ಎಫ್/4.5ರಷ್ಟು ಮಾತ್ರ ತೆರೆಯುತ್ತದೆ. ಅದರಲ್ಲಿ ಸೆಕೆಂಡಿನ 1/20 ಭಾಗದಷ್ಟು ಕಾಲ ಬೇಕಾಗುವ ಚಿತ್ರವನ್ನು ಎಫ್/1.8ರಲ್ಲಿ 1/125 ಸೆಕೆಂಡಿನಲ್ಲಿ ತೆಗೆಯಬಹುದು. 1/20 ಸೆಕೆಂಡಿನಲ್ಲಿ ಕುಣಿಯುವ ಕಲಾವಿದನ ಕೈಗಳು ಅಸ್ಪಷ್ಟ ಗೆರೆಗಳಾಗುತ್ತವೆ. 1/125ರಲ್ಲಿ ಮುದ್ರೆಯೂ ಮುಖಭಾವವೂ ಬಹುಮಟ್ಟಿಗೆ ನಿಲ್ಲುತ್ತವೆ. ಕಂಪನ ನಿವಾರಕ ತಂತ್ರವು ಛಾಯಾಗ್ರಾಹಕನ ಕೈನಡುಕವನ್ನು ತಗ್ಗಿಸುತ್ತದೆಯೇ ಹೊರತು ಎದುರಿನವರ ಚಲನೆಯನ್ನು ನಿಲ್ಲಿಸುವುದಿಲ್ಲ.

ಭಾರತದಲ್ಲಿ ವಿದ್ಯುತ್ತಿನ ಆವರ್ತನವು 50 ಹರ್ಟ್ಜ್ ಆಗಿರುವುದರಿಂದ ಕೆಲವು ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಇಂಥ ದೀಪಗಳ ಕೆಳಗೆ ಅತಿ ವೇಗದ ಶಟರ್ ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡಬಹುದು. 1/50 ಅಥವಾ 1/100 ಸೆಕೆಂಡು ಈ ದೋಷವನ್ನು ತಗ್ಗಿಸುತ್ತದೆ.

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಅಗತ್ಯ. ಅನುಮತಿಯಿಲ್ಲದೆ ದೇವಾಲಯಗಳ ಒಳಮಂಟಪಗಳನ್ನು ಕೈಯಲ್ಲಿ ಹಿಡಿದ ಕ್ಯಾಮೆರಾದಿಂದಲೇ ಚಿತ್ರಿಸಬೇಕಾದಾಗ ಈ ಮಸೂರಗಳು ನೆರವಾಗುತ್ತವೆ.

ಮಿತಿಗಳು

ಪೂರ್ಣ ತೆರೆದ ದ್ಯುತಿರಂಧ್ರದಲ್ಲಿ ಅನೇಕ ವೇಗದ ಮಸೂರಗಳ ಚಿತ್ರವು ತುಸು ಮೃದುವಾಗಿರುತ್ತದೆ, ಮೂಲೆಗಳು ಕಪ್ಪಾಗುತ್ತವೆ ಮತ್ತು ಹೊಳೆಯುವ ಅಂಚುಗಳಲ್ಲಿ ನೇರಳೆ ಅಥವಾ ಹಸಿರು ಬಣ್ಣ ಕಾಣಿಸಿಕೊಳ್ಳುತ್ತದೆ. ಎಫ್/2.8 ಅಥವಾ ಎಫ್/4ಕ್ಕೆ ಕಿರಿದುಗೊಳಿಸಿದಾಗ ಈ ದೋಷಗಳು ಬಹಳ ಮಟ್ಟಿಗೆ ತಗ್ಗುತ್ತವೆ. ಸಂಗಮದೂರ ಸ್ಥಿರವಾಗಿರುವುದರಿಂದ ದೃಶ್ಯದ ವ್ಯಾಪ್ತಿಯನ್ನು ಬದಲಿಸಲು ಛಾಯಾಗ್ರಾಹಕನೇ ಹಿಂದೆ ಮುಂದೆ ಸರಿಯಬೇಕಾಗುತ್ತದೆ.

ಎಲ್ಲ ವಿಷಯಗಳಿಗೂ ವೇಗದ ಮಸೂರ ಅಗತ್ಯವಿಲ್ಲ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನು ಸ್ಪಷ್ಟವಾಗಿ ಉಲ್ಲೇಖಿಸುವ ಮಸ್ಕಿಯ ಶಾಸನದಂಥ ಕಲ್ಬರಹಗಳನ್ನು ದಾಖಲಿಸಲು ಅಕ್ಷರಗಳ ಅಂಚಿನಲ್ಲಿ ನೆರಳು ಮೂಡಿಸುವ ಓರೆ ಬೆಳಕು ಮುಖ್ಯ. ಬಂಡೆಯ ಮೇಲ್ಮೈ ಸಮತಟ್ಟಾಗಿಲ್ಲದಿರುವುದರಿಂದ ಎಲ್ಲ ಸಾಲುಗಳೂ ಸ್ಪಷ್ಟವಾಗಿ ಕಾಣಲು ಎಫ್/8ರಂಥ ಕಿರಿದಾದ ದ್ಯುತಿರಂಧ್ರ ಬೇಕಾಗುತ್ತದೆ. ಅಲ್ಲಿ ಸಾಮಾನ್ಯ ಝೂಮ್ ಮಸೂರವೂ ಸಾಲುತ್ತದೆ. ವಿಶಾಲ ಭೂದೃಶ್ಯಗಳಿಗೆ ಕಡಿಮೆ ಸಂಗಮದೂರದ ಮಸೂರಗಳೂ ದೂರದ ಪಕ್ಷಿಗಳಿಗೆ ಟೆಲಿಫೋಟೋ ಮಸೂರಗಳೂ ಹೆಚ್ಚು ಉಪಯುಕ್ತ.

ಇವನ್ನೂ ನೋಡಿ

• ಛಾಯಾಗ್ರಹಣ
• ಮಸೂರ
• ದ್ಯುತಿರಂಧ್ರ
• ವಿ.ಕೆ. ಮೂರ್ತಿ
• ಮಸ್ಕಿ
• ಬಯಲಾಟ