ಕೈಯ ಊನ, ಬುದ್ಧಿಯ ಅಳತೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮಕ್ಕಳ ಪಾರ್ಶ್ವವಾಯು

ಆರೋಗ್ಯವಾಗಿರುವ ಮಗು ವರ್ಷ ತುಂಬುವವರೆಗೆ ಎರಡೂ ಕೈಗಳನ್ನು ಹೆಚ್ಚುಕಡಿಮೆ ಸಮನಾಗಿ ಬಳಸುತ್ತದೆ. ಅದಕ್ಕೂ ಮೊದಲೇ ಗಿಲಕಿಗೆ ಒಂದೇ ಕೈ ಚಾಚುತ್ತಿದ್ದರೆ, ಇನ್ನೊಂದರ ಮುಷ್ಟಿ ಬಿಗಿದುಕೊಂಡೇ ಇದ್ದರೆ, ಅದು ರೂಢಿಯಲ್ಲ, ರೋಗಲಕ್ಷಣ. ನವಜಾತ ಶಿಶುಗಳ ಮಿದುಳಿನಲ್ಲಿ ರಕ್ತನಾಳ ಕಟ್ಟಿಕೊಳ್ಳುವುದು ಕೆಲವು ಸಾವಿರ ಹೆರಿಗೆಗಳಿಗೆ ಒಂದರಂತೆ ನಡೆಯುತ್ತದೆ. ಹೆಚ್ಚಿನ ಸಲ ಪೆಟ್ಟು ಬೀಳುವುದು ಎಡ ಅರೆಗೋಳಕ್ಕೆ, ಸೋಲುವುದು ಬಲಗೈ. ಆಗ ಮನೆಯವರ ಕಣ್ಣಿಗೆ ಮಗು ಬರೀ ಎಡಚ. ಬಲಗೈಯಲ್ಲೇ ಉಣ್ಣಬೇಕೆಂದು ಗದರಿಸುತ್ತ ಒಂದೆರಡು ವರ್ಷ ಕಳೆದುಹೋಗುತ್ತವೆ. ಕಾಲು ಎಳೆಯುತ್ತ ನಡೆಯತೊಡಗಿದ ಮೇಲೆಯೇ ಹಲವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು.

ಕಾರಣಗಳು ಹಲವು. ಕ್ಷಯದ ಮಿದುಳ್ಪೊರೆ ಉರಿಯೂತ ನಮ್ಮ ದೇಶದಲ್ಲಿ ಇನ್ನೂ ಮಕ್ಕಳಿಗೆ ಲಕ್ವ ತರುತ್ತಿದೆ. ತೊಟ್ಟಿಲಿನಿಂದಲೋ ಜಗಲಿಯಿಂದಲೋ ಬಿದ್ದ ಮೇಲೆ ಕೈ ಸೋತಿತು ಎಂಬ ತಾಯಂದಿರ ಮಾತನ್ನು ವೈದ್ಯರು ಬಹುಕಾಲ ಕಿವಿಗೆ ಹಾಕಿಕೊಂಡಿರಲಿಲ್ಲ. 2014ರಲ್ಲಿ ಹೈದರಾಬಾದಿನ ಮಕ್ಕಳ ನರತಜ್ಞರು ಇಂಥ ಎಳೆಯರ ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಸುಣ್ಣದಂಶ ಕೂತಿರುವುದನ್ನೂ, ಸಣ್ಣ ಪೆಟ್ಟಿಗೇ ಅವು ಕೈಕೊಡುವುದನ್ನೂ ವರದಿ ಮಾಡಿದರು. ತಾಯಂದಿರು ಹೇಳಿದ್ದು ಸುಳ್ಳಾಗಿರಲಿಲ್ಲ.

ಆದರೆ ಈ ಲೇಖನದ ಪ್ರಶ್ನೆ ಬೇರೆ. ಸೋತ ಕೈಯ ಜೊತೆಗೆ ಬುದ್ಧಿಯೂ ಕುಂಠಿತವಾಗುವುದು ಯಾವಾಗ? ಒಂದು ಅರೆಗೋಳ ಕೆಟ್ಟ ಮಕ್ಕಳಲ್ಲಿ ಅನೇಕರು ಮಾತು, ಲೆಕ್ಕ ಎಲ್ಲವನ್ನೂ ಕಲಿಯುತ್ತಾರೆ. ಎಳೆಯ ಮಿದುಳಿನ ಇನ್ನೊಂದು ಪಾಲು ಆ ಹೊರೆ ಹೊರುತ್ತದೆ. ಹಿಂದೆ ಬೀಳುವವರಲ್ಲಿ ಮತ್ತೆ ಮತ್ತೆ ಕಾಣುವುದು ಫಿಟ್ಸ್. ಮಕ್ಕಳ ಒಂದು ಮಗ್ಗುಲಿನ ಲಕ್ವದ ಬಗ್ಗೆ ವಿಯೆನ್ನಾದಲ್ಲಿ 1891ರಲ್ಲಿ ಆಸ್ಕರ್ ರೀ ಜೊತೆ ದೊಡ್ಡ ಗ್ರಂಥ ಬರೆದವರು ಸಿಗ್ಮಂಡ್ ಫ್ರಾಯ್ಡ್ (ಅವರು ಕನಸುಗಳತ್ತ ಹೊರಳಿದ್ದು ಆಮೇಲೆ). ಲಕ್ವಕ್ಕೂ ಮೂರ್ಛೆಗೂ ಇರುವ ನಂಟು ಆಗಲೇ ಅವರ ಗಮನದಲ್ಲಿತ್ತು. ಬಲವಾದ ಸಾಕ್ಷ್ಯ ದೊರೆತದ್ದು 1950ರಲ್ಲಿ. ಜೊಹಾನ್ಸ್‌ಬರ್ಗಿನ ಶಸ್ತ್ರವೈದ್ಯ ಕ್ರೈನಾವ್ ಹನ್ನೆರಡು ರೋಗಿಗಳಲ್ಲಿ ಕೆಟ್ಟ ಅರೆಗೋಳವನ್ನೇ ತೆಗೆದರು. ಅವರಲ್ಲಿ ಹೆಚ್ಚಿನವರಿಗೆ ಫಿಟ್ಸ್ ಹತೋಟಿಗೆ ಬಂತು, ನಡವಳಿಕೆ ಸುಧಾರಿಸಿತು, ಬುದ್ಧಿ ಚುರುಕಾಯಿತು. ಅರ್ಧ ಮಿದುಳು ಹೋದ ಮೇಲೆ ಚುರುಕು ಬಂತೆಂದರೆ, ಅಲ್ಲಿಯವರೆಗೆ ಅಡ್ಡಿಯಾಗಿದ್ದದ್ದು ಮಿದುಳಿನ ಕೊರತೆಯಲ್ಲ, ಕೆಟ್ಟ ಪಾಲು ಒಳ್ಳೆಯ ಪಾಲಿಗೆ ಕೊಡುತ್ತಿದ್ದ ಕಾಟ.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆ ಅನ್ರಿ ಗಾಸ್ತೋ ಮತ್ತು ಸಂಗಡಿಗರು 1957ರಲ್ಲಿ ವಿವರಿಸಿದ ಕಾಯಿಲೆ. ಜ್ವರದಲ್ಲಿರುವ ಮಗುವಿಗೆ ಒಂದೇ ಮಗ್ಗುಲಿಗೆ ಸೆಳೆತ ಶುರುವಾಗಿ, ನಿಲ್ಲದೆ ಮುಂದುವರಿಯುತ್ತದೆ. ಆ ಅರೆಗೋಳ ಊದಿ ಆಮೇಲೆ ಸವೆಯುತ್ತದೆ, ಲಕ್ವ ಉಳಿಯುತ್ತದೆ, ಕೆಲವು ವರ್ಷಗಳಲ್ಲಿ ಮೂರ್ಛೆರೋಗ ಅಂಟಿಕೊಳ್ಳುತ್ತದೆ. ಇಲ್ಲಿ ಸೆಳೆತವೇ ಲಕ್ವಕ್ಕೂ ಬುದ್ಧಿಯ ಹಿನ್ನಡೆಗೂ ಮೂಲ. ತುರ್ತು ಚಿಕಿತ್ಸೆ ಮನೆಬಾಗಿಲಿಗೆ ಬಂದ ದೇಶಗಳಲ್ಲಿ ಈ ಕಾಯಿಲೆ ಅಪರೂಪವಾಗಿದೆ. ಅದೇ 1957ರಲ್ಲಿ ಸಿದ್ದಾಪುರದ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಆ ಜ್ವರಕ್ಕೆ ರಕ್ತಪರೀಕ್ಷೆಯಿದೆ, ಇಲಾಖೆಯ ಕಾವಲಿದೆ. ಜ್ವರದ ಸೆಳೆತಕ್ಕೆ ಅದರ ಕಾಲುಭಾಗ ಗಮನವೂ ಸಿಕ್ಕಿಲ್ಲ.

ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟದ 2015ರ ವ್ಯಾಖ್ಯೆಯಂತೆ ಮೈಯೆಲ್ಲ ಸೆಳೆಯುವ ಫಿಟ್ಸ್ ಐದು ನಿಮಿಷ ದಾಟಿದರೆ ಚಿಕಿತ್ಸೆ ಶುರುವಾಗಬೇಕು. ಮೂವತ್ತು ನಿಮಿಷ ದಾಟಿದರೆ ಮಿದುಳಿಗೆ ಕಾಯಂ ಹಾನಿಯ ಭಯ. ಉತ್ತರ ಕನ್ನಡ ಜಿಲ್ಲೆಯ ವೈದ್ಯಕೀಯ ಕಾಲೇಜು ಕಾರವಾರದಲ್ಲಿ. ಯಲ್ಲಾಪುರದವರು ಅರಬೈಲ್ ಘಟ್ಟ ಇಳಿಯಬೇಕು, ಶಿರಸಿಯವರು ದೇವಿಮನೆ ಘಟ್ಟ. ಹುಬ್ಬಳ್ಳಿಗೆ ಹೋಗೋಣವೆಂದರೆ ಶಿರಸಿಯಿಂದ ನೂರು ಕಿಲೋಮೀಟರಿನ ಆಸುಪಾಸು. ಮಳೆಗಾಲದಲ್ಲಿ ಒಳಹಳ್ಳಿಯಿಂದ ಡಾಂಬರು ರಸ್ತೆ ಮುಟ್ಟುವುದರೊಳಗೇ ಆ ಮೂವತ್ತು ನಿಮಿಷ ಮುಗಿದಿರುತ್ತದೆ. ಹಾಗಾಗಿ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ ಆದರೂ ಈ ಮಕ್ಕಳ ಮಟ್ಟಿಗೆ ಅದು ಎರಡನೆಯ ಮಾತು. ಮೊದಲನೆಯದು, ಸೆಳೆತ ನಿಲ್ಲಿಸಲು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್. ಒಮ್ಮೆ ದೀರ್ಘ ಸೆಳೆತ ಬಂದ ಮಗುವಿನ ಮನೆಯಲ್ಲಿ, ವೈದ್ಯರು ತೂಕ ನೋಡಿ ಬರೆದುಕೊಟ್ಟ ಪ್ರಮಾಣದೊಂದಿಗೆ, ಅದು ಇರಬೇಕು. ಕೈಗೆ ಕಬ್ಬಿಣ ಕೊಟ್ಟು ಈರುಳ್ಳಿ ಮೂಸಿಸುವಷ್ಟು ಹೊತ್ತಿನಲ್ಲಿ ಔಷಧ ಮೂಗಿಗೆ ಹೋಗಿರುತ್ತದೆ. ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸುವುದು ಕಷ್ಟವಲ್ಲ.

ಕಾರಣಗಳ ಪಟ್ಟಿಯಲ್ಲಿ ಹೇಳದೆ ಬಿಟ್ಟ ಎಂಡೋಸಲ್ಫಾನ್ ಬಗ್ಗೆ ಒಂದು ಮಾತು. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿದ ಈ ಕೀಟನಾಶಕದ ಸಂತ್ರಸ್ತರನ್ನು ಸರ್ಕಾರ ಗುರುತಿಸಿರುವ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಇದೆ. ಅವರ ಪರಿಹಾರದ ಹಕ್ಕು ಪ್ರಶ್ನಾತೀತ. ಆದರೆ ಒಂದೇ ಮಗ್ಗುಲಿನ ಲಕ್ವ ಕಂಡಾಗ ಮೊದಲು ಹುಡುಕಬೇಕಾದದ್ದು ರಕ್ತನಾಳ, ಸೋಂಕು ಮತ್ತು ಸೆಳೆತ. ವಿಷದ ಹೆಸರು ಹೇಳಿ ತನಿಖೆ ನಿಲ್ಲಿಸಿದರೆ ಚಿಕಿತ್ಸೆಯಿರುವ ಮಗುವಿಗೂ ಚಿಕಿತ್ಸೆ ತಪ್ಪುತ್ತದೆ.

ಇನ್ನು ಬುದ್ಧಿಯ ಅಳತೆ. ಕರ್ನಾಟಕದಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ–ಕಾಮತ್ ಪರೀಕ್ಷೆ ರೂಪುಗೊಂಡದ್ದು ದೂರದಲ್ಲೇನಲ್ಲ: ವಿ. ವಿ. ಕಾಮತ್ 1930ರ ದಶಕದಲ್ಲಿ ಧಾರವಾಡ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗಾಗಿ ಅದನ್ನು ಒಗ್ಗಿಸಿದರು. ಅದರಲ್ಲಿ ಮಾತಿನ ಪ್ರಶ್ನೆಗಳ ಜೊತೆ ಆಕೃತಿ ನಕಲಿಸುವಂಥ ಕೈಕೆಲಸವೂ ಇದೆ. ಸೋತ ಕೈಯಿಂದಾಗಿ ಮಗು ಇಲ್ಲಿ ಕಳೆದುಕೊಂಡ ಅಂಕ ಬುದ್ಧಿಯ ಖಾತೆಯಿಂದ ಕಡಿತವಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಿದುಳಿನ ಲಕ್ವ ಮತ್ತು ಬೌದ್ಧಿಕ ವೈಕಲ್ಯ ಬೇರೆ ಬೇರೆ ನಮೂದುಗಳು. ಪ್ರಮಾಣಪತ್ರ ಕೊಡುವ ಮೇಜಿನ ಮೇಲೆ ಅವು ಕಲಸಿಹೋಗುವುದುಂಟು. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಊಟದ ಡಬ್ಬಿ ತೆರೆಯುವುದು ಕೈಯ ಪರೀಕ್ಷೆ. ಅಂಗಡಿಗೆ ಕಳಿಸಿದರೆ ಚಿಲ್ಲರೆ ಎಣಿಸಿ ತರುವುದು ಬುದ್ಧಿಯದು. ಎರಡನ್ನೂ ಪ್ರತ್ಯೇಕವಾಗಿ ಬರೆದಿಟ್ಟರೆ ಮುಂದಿನ ದಾರಿಯೂ ಬೇರೆಯಾಗುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯಲು ಎರಡು ಗಟ್ಟಿ ಕೈ ಬೇಕು. ಒಣಗಿಸಿ ಸುಲಿದ ಚಾಲಿ ಅಡಿಕೆಯಲ್ಲಿ ಒಳ್ಳೆಯದು, ಕೆಟ್ಟದ್ದು ಆರಿಸಲು ಒಂದು ಕೈ, ಕಣ್ಣು ಮತ್ತು ವಿವೇಚನೆ ಸಾಕು. ಆ ಕೆಲಸಕ್ಕೆ ಶಿರಸಿಯಲ್ಲಿ ಕೂಲಿಯೂ ಇದೆ.